ಒಂದು ಎಳೆತಕ್ಕೆ ಒಂದು ಈಡು

ಕಳೆದ ಬೇಸಿಗೆಯ ಒಂದು ಭಾನುವಾರ ನಾವು ಐದು ಮಂದಿ ಗೆಳೆಯರೊಬ್ಬರ ತೋಟದಲ್ಲಿ ಏರ್ ರೈಫಲ್ ಹಿಡಿದು ಸೇರಿದ್ದೆವು. ಮಣ್ಣಿನ ದಿಬ್ಬಕ್ಕೆ ಕಾಗದದ ಗುರಿಗಳನ್ನು ಅಂಟಿಸಿಕೊಂಡು ಹೊಡೆಯುವುದು ನಮ್ಮ ವಾರದ ಆಟ. ಹತ್ತೂವರೆಯ ಹೊತ್ತಿಗೆ ನನ್ನ ಹೊಸ ರೈಫಲಿನ ಗಾಳಿ ಮುಗಿಯಿತು. ತುಂಬಿಸಿಕೊಳ್ಳಲು ತಂದಿದ್ದ ದೊಡ್ಡ ಸಿಲಿಂಡರು ವಾಷರ್ ಸೋರಿ ದಾರಿಯಲ್ಲೇ ಖಾಲಿಯಾಗಿತ್ತು. ಉಳಿದ ಮೂವರದೂ ಅದೇ ಸಿಲಿಂಡರನ್ನು ನಂಬಿಕೊಂಡ ಕೋವಿಗಳೇ. ನಾವು ನಾಲ್ವರೂ ಹಲಸಿನ ಮರದ ಕೆಳಗೆ ಕೂತು ಎಳನೀರು ಕುಡಿದೆವು. ಮೇಷ್ಟ್ರೊಬ್ಬರು ಮಾತ್ರ ತಮ್ಮ ಪಾಡಿಗೆ ಹೊಡೆಯುತ್ತಲೇ ಇದ್ದರು.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರದು ಹಳೆಯ ಸ್ಪ್ರಿಂಗ್ ರೈಫಲ್. ಜಾತ್ರೆಯ ಬಲೂನ್ ಅಂಗಡಿಯಲ್ಲಿ ನಾವೆಲ್ಲ ಹಿಡಿದಿರುವ ಕೋವಿಯ ದೊಡ್ಡಣ್ಣ ಅನ್ನಬಹುದು. ನಳಿಗೆಯನ್ನು ನಡುವೆ ಮಡಚಿ ಕೆಳಗೆ ಎಳೆಯಬೇಕು, ಒಂದು ಪೆಲೆಟ್ ಇಡಬೇಕು, ಮುಚ್ಚಬೇಕು, ಹೊಡೆಯಬೇಕು. ಮತ್ತೆ ಮೊದಲಿಂದ.

“ಮೇಷ್ಟ್ರೇ, ಇಷ್ಟೆಲ್ಲ ಹೊಸದು ಬಂದಿದೆ. ನೀವು ಯಾಕೆ ಇನ್ನೂ ಇದನ್ನೇ ಹಿಡ್ಕೊಂಡಿದೀರಿ?” ಎಂದೆ.

“ನನ್ನ ಗಾಳಿ ನನ್ನ ತೋಳಲ್ಲಿದೆ ಕಣಯ್ಯಾ” ಎಂದು ನಕ್ಕು ಮತ್ತೊಂದು ಪೆಲೆಟ್ ಇಟ್ಟರು.

ಅದು ತಮಾಷೆಯ ಮಾತು. ಆದರೆ ಆಮೇಲೆ ಗಾಳಿಕೋವಿಗಳ ಚರಿತ್ರೆಯನ್ನು ಓದುತ್ತಾ ಹೋದಾಗ, ಇನ್ನೂರು ವರ್ಷಗಳಿಗೂ ಹಳೆಯದಾದ ಒಂದು ವಾದದಲ್ಲಿ ಮೇಷ್ಟ್ರು ಒಂದು ಪಕ್ಷ ಹಿಡಿದಿದ್ದಾರೆ ಅನ್ನಿಸತೊಡಗಿತು.

ಎರಡು ಬಗೆಯ ಕೋವಿಗಳ ವ್ಯತ್ಯಾಸ ಸರಳ. ನನ್ನದರಲ್ಲಿ ಮೊದಲೇ ಗಾಳಿಯನ್ನು ಒತ್ತಿ ತುಂಬಿರುತ್ತದೆ, ವಾತಾವರಣದ ಒತ್ತಡದ ಸುಮಾರು 200 ಪಟ್ಟು. ಕುದುರೆ ಎಳೆದಾಗ ಅದರಲ್ಲಿ ಒಂದು ಗುಟುಕು ಹೊರಬಂದು ಪೆಲೆಟನ್ನು ನೂಕುತ್ತದೆ. ಮೇಷ್ಟ್ರ ಕೋವಿಯಲ್ಲಿ ಗಾಳಿಯ ದಾಸ್ತಾನೇ ಇಲ್ಲ. ನಳಿಗೆ ಎಳೆದಾಗ ಒಳಗಿನ ದಪ್ಪ ಸ್ಪ್ರಿಂಗು ಕುಗ್ಗಿ ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದರೆ ಕೊಕ್ಕೆ ಬಿಟ್ಟು, ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದಬ್ಬಿ, ಎದುರಿನ ಗಾಳಿ ಕಣ್ಣು ಮಿಟುಕಿಸುವುದರೊಳಗೆ ಹಿಂಡಿಹೋಗುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಜೋರಾಗಿ ಒತ್ತಿದರೆ ಬೆರಳು ಬಿಸಿಯಾಗುವುದಿಲ್ಲವೇ? ಇಲ್ಲೂ ಹಾಗೆಯೇ, ಹಿಂಡಿದ ಗಾಳಿ ಕಾದು, ಸಣ್ಣ ರಂಧ್ರದಿಂದ ನುಗ್ಗಿ ಪೆಲೆಟನ್ನು ಹೊರಹಾಕುತ್ತದೆ. ಒಂದು ಎಳೆತಕ್ಕೆ ಒಂದೇ ಈಡು.

ದಾಸ್ತಾನಿನ ಕೋವಿಯೇ ಹೊಸದು, ಸ್ಪ್ರಿಂಗಿನದು ಹಳೆಯದು ಎಂದು ನಾನು ತಿಳಿದಿದ್ದೆ. ಆದರೆ ಸ್ಪ್ರಿಂಗ್ ರೈಫಲ್ ಎಲ್ಲರ ಕೈಗೆ ಬರುವುದಕ್ಕೆ ನೂರು ವರ್ಷ ಮೊದಲೇ ದಾಸ್ತಾನಿನ ಕೋವಿ ಒಂದು ದೊಡ್ಡ ಸೈನ್ಯದಲ್ಲಿತ್ತು. 1780ರ ಸುಮಾರಿಗೆ ಆಸ್ಟ್ರಿಯಾದ ಸೇನೆ ಬಾರ್ತೊಲೊಮ್ಯೂಸ್ ಜಿರಾರ್ಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ರೈಫಲನ್ನು ಬಳಕೆಗೆ ತಂದಿತು. ಅದರ ಹಿಂಬದಿಯ ಹಿಡಿಯೇ ಕಬ್ಬಿಣದ ಗಾಳಿಬುಂಡೆ. ನಳಿಗೆಯ ಪಕ್ಕದ ಕೊಳವೆಯಲ್ಲಿ ಸುಮಾರು 20 ಗುಂಡುಗಳು. ಆ ಕಾಲದ ಸಿಪಾಯಿ ಪ್ರತಿ ಈಡಿಗೂ ಮದ್ದು ಸುರಿದು, ಗುಂಡು ಗಿಡಿದು, ಮಳೆ ಬಂದರೆ ಕೈಚೆಲ್ಲಿ ಕೂರಬೇಕಿತ್ತು. ಈ ಕೋವಿಗೆ ಹೊಗೆಯಿಲ್ಲ, ಕಿಡಿಯಿಲ್ಲ, ಮಳೆಯ ಹಂಗಿಲ್ಲ. ಒಂದರ ಹಿಂದೊಂದು ಹೊಡೆಯುತ್ತಲೇ ಹೋಗಬಹುದು.

ಕಾಗದದ ಮೇಲೆ ಯುದ್ಧವನ್ನೇ ಬದಲಿಸಬೇಕಿದ್ದ ಆಯುಧ ಅದು. ಆದರೆ ಒಂದು ಬುಂಡೆಯನ್ನು ತುಂಬಲು ಕೈಪಂಪಿನಲ್ಲಿ ಸುಮಾರು 1500 ಸಲ ಒತ್ತಬೇಕಿತ್ತು. ಹೊಡೆದಂತೆ ಹೊಡೆದಂತೆ ಒತ್ತಡ ಇಳಿದು ಗುಂಡಿನ ಬಲವೂ ಇಳಿಯುತ್ತಿತ್ತು. ಸುಮಾರು 30 ಈಡಾದ ಮೇಲೆ ಬುಂಡೆ ಬದಲಿಸಬೇಕು. ಒಳಗಿನ ಚರ್ಮದ ಬಿರಡೆಗಳು ಒಣಗಿದರೆ ಸೋರುತ್ತಿದ್ದವು. ಸಿಪಾಯಿಗೆ ಹೆಚ್ಚುವರಿ ಬುಂಡೆಗಳು, ಸೈನ್ಯದ ಹಿಂದೆ ಪಂಪುಗಳು, ರಿಪೇರಿ ಬಲ್ಲ ಕೆಲಸಗಾರರು, ಇಷ್ಟೆಲ್ಲ ಇದ್ದರಷ್ಟೇ ಅದು ಆಯುಧ. ಇಲ್ಲದಿದ್ದರೆ ಭಾರದ ದೊಣ್ಣೆ. 1815ರ ಹೊತ್ತಿಗೆ ಸೇನೆ ಅದನ್ನು ಕೈಬಿಟ್ಟಿತು. ಎಳನೀರು ಕುಡಿಯುತ್ತಾ ಕೂತ ನಮ್ಮ ಅವಸ್ಥೆಯನ್ನು ಆ ಸಿಪಾಯಿಗಳು ನಮಗಿಂತ ಮೊದಲೇ ಅನುಭವಿಸಿದ್ದರು.

ಅದೇ ಜಾತಿಯ ಗಾಳಿಕೋವಿಯೊಂದು 1803ರಿಂದ 1806ರವರೆಗೆ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಅವರೊಂದಿಗೆ ಅಮೆರಿಕವನ್ನು ದಾಟಿತು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಲೂಯಿಸ್ ಅದನ್ನು ಹೊಡೆದು ತೋರಿಸುತ್ತಿದ್ದ. ಹೊಗೆಯೂ ಇಲ್ಲದೆ, ಮದ್ದೂ ತುಂಬದೆ ಹಾರುವ ಗುಂಡು ಕಂಡು ಅವರು ಬೆರಗಾಗುತ್ತಿದ್ದರು. ಬೆರಗು ಹುಟ್ಟಿಸುವ ಕೆಲಸಕ್ಕೆ ಮೂವತ್ತು ಈಡು ಧಾರಾಳ ಸಾಕು.

ಸಾಹಿತ್ಯದಲ್ಲಿ ಅತ್ಯಂತ ಪ್ರಸಿದ್ಧವಾದ ಗಾಳಿಕೋವಿಗೆ ನಮ್ಮ ಬೆಂಗಳೂರಿನ ನಂಟಿದೆ. ಆರ್ಥರ್ ಕಾನನ್ ಡಾಯ್ಲ್ 1903ರಲ್ಲಿ ಪ್ರಕಟಿಸಿದ ‘ದಿ ಎಂಪ್ಟಿ ಹೌಸ್’ ಕತೆಯಲ್ಲಿ, ಸತ್ತನೆಂದು ಲೋಕ ನಂಬಿದ್ದ ಷರ್ಲಾಕ್ ಹೋಮ್ಸ್ ಮರಳಿ ಬರುತ್ತಾನೆ. ಅವನನ್ನು ಕೊಲ್ಲಲು ಹೊಂಚು ಹಾಕುವವನು ಕರ್ನಲ್ ಸೆಬಾಸ್ಟಿಯನ್ ಮೊರಾನ್. ಹೋಮ್ಸ್‌ನ ಕಡತದಲ್ಲಿ ಅವನ ಪರಿಚಯ, ಒಂದನೇ ಬೆಂಗಳೂರು ಪಯೋನೀರ್ಸ್ ಪಡೆಯ ಮಾಜಿ ಅಧಿಕಾರಿ, ಹುಲಿ ಬೇಟೆಗಾರ ಎಂದು. ಪಡೆಯೂ ಕಲ್ಪನೆಯದು, ಕರ್ನಲನೂ ಕಲ್ಪನೆಯವನು. ಕತ್ತಲ ಕೋಣೆಯಲ್ಲಿ ಅವನು ಬಿಡಿಭಾಗಗಳನ್ನು ಜೋಡಿಸಿ, ಮೈಭಾರವನ್ನೆಲ್ಲ ಒಂದು ಸನ್ನೆಯ ಮೇಲೆ ಬಿಟ್ಟು ಕೋವಿಯನ್ನು ಸಜ್ಜುಗೊಳಿಸುತ್ತಾನೆ. ಕಾಲೇಜಿನಲ್ಲಿ ಓದಿದಾಗ ಈ ವಿವರ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಓದಿದರೆ ಆ ಎಳೆತದಲ್ಲಿ ಮೇಷ್ಟ್ರ ತೋಳೇ ಕಾಣುತ್ತದೆ. ಜರ್ಮನಿಯ ಕುರುಡ ಕುಶಲಕರ್ಮಿಯೊಬ್ಬ ಆ ಕೋವಿಯನ್ನು ಮಾಡಿದ್ದನೆಂದು ಕತೆ ಹೇಳುತ್ತದೆ. ಸ್ಪರ್ಶದಿಂದಲೇ ಬಿಗಿ ಸಡಿಲ ತಿಳಿಯಬೇಕಾದ ಯಂತ್ರಕ್ಕೆ ಒಪ್ಪುವ ಕಲ್ಪನೆ.

ಡಾಯ್ಲ್‌ಗೆ ಗುರಿಕಾರಿಕೆಯ ಚಿಂತೆ ಬರೀ ಕತೆಗಾಗಿ ಬಂದದ್ದಲ್ಲ. 1900ರಲ್ಲಿ ಅವನು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ವೈದ್ಯನಾಗಿ ಕೆಲಸ ಮಾಡಿದ್ದ. ಅಲ್ಲಿನ ರೈತರು ದೂರದಿಂದ ಗುರಿಯಿಟ್ಟು ಹೊಡೆದು ಸಾಮ್ರಾಜ್ಯದ ಸೈನ್ಯವನ್ನು ತತ್ತರಿಸುವಂತೆ ಮಾಡಿದ್ದರು. ತಮ್ಮ ಜನಕ್ಕೆ ಗುರಿ ಬರುವುದಿಲ್ಲ ಎಂಬ ಅಳುಕು ಇಂಗ್ಲೆಂಡಿನಲ್ಲಿ ಹುಟ್ಟಿತು. ಊರೂರಲ್ಲಿ ರೈಫಲ್ ಕ್ಲಬ್‌ಗಳು ಎದ್ದವು. ಡಾಯ್ಲ್ ಕೂಡ ಹೈಂಡ್‌ಹೆಡ್‌ನ ತನ್ನ ಮನೆಯ ಬಳಿ ಒಂದು ಕ್ಲಬ್ ಕಟ್ಟಿದ.

ಕಾರ್ಖಾನೆಯ ಕೂಲಿಕಾರನಿಗೆ ಅಭ್ಯಾಸಕ್ಕೆ ಬೇಕಾದದ್ದು ಮದ್ದಿನ ಖರ್ಚಿಲ್ಲದ, ಮನೆಯೊಳಗೂ ಹೊಡೆಯಬಹುದಾದ ಕೋವಿ. ಬರ್ಮಿಂಗ್‌ಹ್ಯಾಂನ ಬಂದೂಕು ತಯಾರಕ ಲಿಂಕನ್ ಜೆಫ್ರೀಸ್ 1904ರಲ್ಲಿ ಅಂಥದ್ದಕ್ಕೆ ಪೇಟೆಂಟ್ ಪಡೆದ. ನಳಿಗೆ ಅಲುಗುವುದಿಲ್ಲ. ಅದರ ಕೆಳಗಿನ ಸನ್ನೆಯನ್ನು ಎಳೆದರೆ ಸ್ಪ್ರಿಂಗು ಕುಗ್ಗುತ್ತದೆ. ಮಡಚುವ ಕೀಲು ನಳಿಗೆಯಲ್ಲಿ ಇಲ್ಲವಾದ್ದರಿಂದ ಅದು ಸವೆದು ಗುರಿ ವಾಲುವ ಭಯವಿಲ್ಲ. ಇದನ್ನು ಮಾಡಿ ಮಾರಿದ್ದು ಬರ್ಮಿಂಗ್‌ಹ್ಯಾಂ ಸ್ಮಾಲ್ ಆರ್ಮ್ಸ್ ಕಂಪನಿ, ಅಂದರೆ ಬಿಎಸ್‌ಎ. ನಮಗೆ ಆ ಮೂರು ಅಕ್ಷರಗಳು ಗೊತ್ತಿರುವುದು ಸೈಕಲ್ಲಿನಿಂದ. ಅಪ್ಪನ ಸೈಕಲ್ಲಿನ ಮೇಲೆ ದಿನವೂ ಓದುತ್ತಿದ್ದ ಹೆಸರಿನಲ್ಲಿ ಬಂದೂಕು ಅಡಗಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಂಪನಿಯ ಚಿಹ್ನೆಯೇ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು.

ಬರ್ಮಿಂಗ್‌ಹ್ಯಾಂನ ಪಬ್ಬುಗಳಲ್ಲಿ ಇದರಿಂದ ಒಂದು ಚೆಂದದ ಆಟ ಬೆಳೆಯಿತು. ಕಬ್ಬಿಣದ ತಗಡಿನ ನಡುವೆ ಒಂದಂಗುಲದ ಎಂಟನೇ ಮೂರು ಭಾಗದಷ್ಟು, ಅಂದರೆ ಒಂದು ಸೆಂಟಿಮೀಟರಿಗೂ ಕಡಿಮೆ ಅಗಲದ ತೂತು. ತೂತಿನ ಹಿಂದೆ ಗಂಟೆ. ಆರು ಗಜ ದೂರದಿಂದ ಹೊಡೆಯಬೇಕು. ಪೆಲೆಟ್ ತೂತಿನೊಳಗೆ ಹೋದರೆ ಗಂಟೆ ಬಾರಿಸುತ್ತದೆ, ತಪ್ಪಿದರೆ ತಗಡಿನ ಮೇಲೆ ಗುರುತು. ಸಂಜೆ ಕೆಲಸ ಮುಗಿಸಿ ಬಂದವರು ಬಿಯರು ಪಕ್ಕಕ್ಕಿಟ್ಟು ಪಂದ್ಯ ಕಟ್ಟುತ್ತಿದ್ದರು, ಪಬ್ಬು ಪಬ್ಬುಗಳ ನಡುವೆ ಲೀಗುಗಳಿದ್ದವು. ಪಂಪು, ಬುಂಡೆ, ರಿಪೇರಿಯವನು, ಯಾರೂ ಬೇಡ. ಒಂದು ಡಬ್ಬಿ ಪೆಲೆಟ್ ಮತ್ತು ಒಂದು ತೋಳು ಸಾಕು. ಆಸ್ಟ್ರಿಯಾದ ಸೇನೆಗೇ ಸಾಕಲಾಗದ ಗಾಳಿಕೋವಿ ಸ್ಪ್ರಿಂಗಿನ ರೂಪದಲ್ಲಿ ಕೂಲಿಕಾರನ ಕೈಗೆ ಬಂದದ್ದು ಹೀಗೆ.

ಅಮೆರಿಕದಲ್ಲಿ ಅದು ಮಕ್ಕಳ ಕೈಗೂ ಬಂತು. ಮಿಷಿಗನ್ನಿನ ಪ್ಲಿಮತ್‌ನಲ್ಲಿ ಗಾಳಿಯಂತ್ರ ಮಾಡುತ್ತಿದ್ದ ಕಂಪನಿಯೊಂದು 1880ರ ದಶಕದ ಕೊನೆಗೆ, ತನ್ನ ಗಾಳಿಯಂತ್ರ ಕೊಂಡ ರೈತರಿಗೆ ಪುಟ್ಟ ಸ್ಪ್ರಿಂಗ್ ಕೋವಿಯೊಂದನ್ನು ಉಡುಗೊರೆಯಾಗಿ ಕೊಡತೊಡಗಿತು. ರೈತರಿಗೆ ಯಂತ್ರಕ್ಕಿಂತ ಉಡುಗೊರೆಯೇ ಹಿಡಿಸಿತು. 1895ರಲ್ಲಿ ಕಂಪನಿ ಕೋವಿಯ ಹೆಸರನ್ನೇ ತನಗಿಟ್ಟುಕೊಂಡು ‘ಡೈಸಿ’ ಆಯಿತು.

ಸ್ಪ್ರಿಂಗಿನ ದೊಡ್ಡ ದೋಷ ಅದರ ಕುಲುಕಾಟ. ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಕೋವಿ ಹಿಂದಕ್ಕೆ ಸರಿಯುತ್ತದೆ. ಹಿಂಡಿದ ಗಾಳಿಗೆ ಬಡಿದು ಪಿಸ್ಟನ್ ತಡೆದಾಗ ಕೋವಿ ಮುಂದಕ್ಕೆ ಜಿಗಿಯುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗಿರುವಾಗಲೇ ಈ ಗದ್ದಲ ಶುರುವಾಗಿರುತ್ತದೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಬಂದೂಕು ತಯಾರಿಕೆಗೆ ನಿಷೇಧ ಬಿದ್ದು, ಗಾಳಿಕೋವಿಗೆ ಮೊದಲು ಅನುಮತಿ ಸಿಕ್ಕಿದಾಗ, ಕೆಲಸವಿಲ್ಲದೆ ಕೂತಿದ್ದ ಪ್ರತಿಭೆಯೆಲ್ಲ ಈ ದೋಷದ ಬೆನ್ನು ಬಿತ್ತು. ಮೌಸರ್ ಕಾರ್ಖಾನೆಯ ಮಾಜಿ ಎಂಜಿನಿಯರುಗಳು ಓಬರ್ನ್‌ಡಾರ್ಫ್‌ನಲ್ಲಿ ಕಟ್ಟಿದ ಫೈನ್‌ವೆರ್ಕ್‌ಬೌ ಕಂಪನಿ 1960ರ ದಶಕದಲ್ಲಿ ಜಾಣ ಪರಿಹಾರವೊಂದನ್ನು ಕೊಟ್ಟಿತು. ಹೊಡೆದಾಗ ನಳಿಗೆ ಮತ್ತು ಯಂತ್ರಭಾಗ ಮಾತ್ರ ಹಳಿಯ ಮೇಲೆ ಜಾರುವಂತೆ ಹಿಂದೆ ಸರಿಯುತ್ತವೆ, ಹೆಗಲಿಗೆ ತಾಗಿದ ಮರದ ಭಾಗ ಅಲುಗುವುದಿಲ್ಲ. 1966ರ ವಿಶ್ವ ಚಾಂಪಿಯನ್‌ಷಿಪ್‌ಗೆ 10 ಮೀಟರ್ ಏರ್ ರೈಫಲ್ ಸೇರಿದ ಕಾಲದ ದೊರೆ ಈ ಸ್ಪ್ರಿಂಗ್ ಕೋವಿಯೇ. 1984ರಲ್ಲಿ ಆ ಸ್ಪರ್ಧೆ ಒಲಿಂಪಿಕ್ಸ್‌ಗೂ ಬಂತು. ಆಮೇಲೆ ಕುಲುಕಾಟವೇ ಇಲ್ಲದ, ಒತ್ತಿದ ಗಾಳಿಯ ರೈಫಲ್‌ಗಳು ಬಂದು ಸ್ಪ್ರಿಂಗನ್ನು ಪಕ್ಕಕ್ಕೆ ಸರಿಸಿದವು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತದ ಮೊದಲ ವೈಯಕ್ತಿಕ ಚಿನ್ನ ಗೆದ್ದದ್ದು ಅಂಥ ರೈಫಲಿನಿಂದ. ಜಿರಾರ್ಡೋನಿಯ ಬುಂಡೆ ಇನ್ನೂರು ವರ್ಷಗಳ ನಂತರ ಗೆದ್ದಿತ್ತು. ಒತ್ತಡ ಇಳಿದರೂ ಪ್ರತಿ ಈಡಿಗೂ ಒಂದೇ ಬಲ ಕೊಡುವ ರೆಗ್ಯುಲೇಟರು ಈಗ ಅದರೊಳಗಿದೆ.

ಹಾಗಿದ್ದರೆ ಸ್ಪ್ರಿಂಗ್ ಏಕೆ ಸಾಯಲಿಲ್ಲ? ಕಾನೂನು ಒಂದು ಕಾರಣ. ಬ್ರಿಟನ್ನಿನಲ್ಲಿ ಸುಮಾರು 16 ಜೂಲ್, ಜರ್ಮನಿಯಲ್ಲಿ ಏಳೂವರೆ ಜೂಲ್ ದಾಟದ ಏರ್ ರೈಫಲ್‌ಗಳಿಗೆ ಬಂದೂಕಿನ ಕಟ್ಟುನಿಟ್ಟಿಲ್ಲ. ಅಷ್ಟು ಬಲ ಕೊಡಲು ಒಂದು ಒಳ್ಳೆಯ ಸ್ಪ್ರಿಂಗು ಸಾಕು. ಖರ್ಚೂ ಕಾರಣ. ದಾಸ್ತಾನಿನ ಕೋವಿ ಕೊಂಡವನು ಸಿಲಿಂಡರನ್ನೋ ಪಂಪನ್ನೋ ಜೊತೆಗೆ ಕೊಳ್ಳಲೇಬೇಕು. ಸ್ಪ್ರಿಂಗು ದಣಿದರೆ ತಿಳಿದವರು ಸರಿಯಾದ ಸಾಧನ ಹಿಡಿದು ಮನೆಯಲ್ಲೇ ಬದಲಿಸುತ್ತಾರೆ. ಆದರೆ ಇವೆರಡೂ ಮೇಷ್ಟ್ರ ಉತ್ತರವಲ್ಲ ಎಂದು ನನಗೆ ಗೊತ್ತಾದದ್ದು ಮುಂದಿನ ವಾರ, ಅವರ ಕೋವಿಯನ್ನು ಹಿಡಿದಾಗ.

ನನ್ನ ರೈಫಲಿನಲ್ಲಿ ಐದು ಈಡುಗಳನ್ನು ಒಂದು ರೂಪಾಯಿ ನಾಣ್ಯದೊಳಗೆ ಕೂರಿಸುವವನು ನಾನು. ಅವರದರಲ್ಲಿ ಐದೂ ಅಂಗೈಯಗಲ ಚದುರಿದವು. ಇನ್ನಷ್ಟು ಬಿಗಿಯಾಗಿ ಹಿಡಿದೆ, ಇನ್ನಷ್ಟು ಚದುರಿದವು. ಮೇಷ್ಟ್ರು ಹತ್ತಿರ ಬಂದು ನನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. “ಅದು ಕುಲುಕಲಿ ಬಿಡು. ನೀನು ತಡೆದರೆ ಒಂದೊಂದು ಸಲ ಒಂದೊಂದು ಥರ ತಡೀತೀಯ. ಕೋಳಿಮರಿ ಇಟ್ಕೊಂಡ ಹಾಗೆ ಅಂಗೈ ಮೇಲೆ ಇಟ್ಕೋ” ಎಂದರು.

ಅಷ್ಟು ದಿನ ನನ್ನ ಗುರಿ ಎಂದು ನಾನು ಹೆಮ್ಮೆಪಟ್ಟದ್ದರಲ್ಲಿ ಒಂದು ಪಾಲು ರೈಫಲಿನದಾಗಿತ್ತು. ನನ್ನ ಉಸಿರು, ಹೆಗಲಿನ ಬಿಗಿತ, ಕುದುರೆ ಎಳೆದ ಕೂಡಲೇ ತಲೆಯೆತ್ತಿ ನೋಡುವ ಆತುರ ಇವನ್ನೆಲ್ಲ ಅದು ಕ್ಷಮಿಸುತ್ತಿತ್ತು. ಸ್ಪ್ರಿಂಗ್ ಕ್ಷಮಿಸುವುದಿಲ್ಲ. ಕುದುರೆ ಎಳೆದದ್ದಕ್ಕೂ ಪೆಲೆಟ್ ಹೊರಟದ್ದಕ್ಕೂ ನಡುವೆ ಅದು ತೆಗೆದುಕೊಳ್ಳುವ ಆ ಚೂರು ಹೊತ್ತಿನಲ್ಲಿ ನೀನು ಏನು ಮಾಡಿದೆ ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸುತ್ತದೆ. ಪ್ರತಿ ಈಡಿಗೂ ಮೊದಲು ತೋಳು ದಣಿಯಬೇಕಾದ್ದರಿಂದ ಅಡ್ಡಾದಿಡ್ಡಿ ಹೊಡೆಯುವ ಮನಸ್ಸೂ ಆಗುವುದಿಲ್ಲ. ಇದನ್ನು ಇಷ್ಟಪಡುವವರು ಹಳೆಯದರ ಮೋಹಕ್ಕೆ ಬಿದ್ದವರೆಂದು ತಿಳಿದಿದ್ದೆ. ಅವರು ತಮ್ಮ ತಪ್ಪು ತಮಗೆ ಕಾಣಬೇಕೆಂದು ಬಯಸಿದವರು.

ಸಿಲಿಂಡರಿನ ವಾಷರ್ ಬದಲಿಸಿಯಾಯಿತು. ನನ್ನ ರೈಫಲನ್ನು ಮಾರಿಲ್ಲ, ಮಾರುವುದೂ ಇಲ್ಲ. ಆದರೆ ಈಗ ಭಾನುವಾರದ ಮೊದಲ ಇಪ್ಪತ್ತು ಈಡು ಮೇಷ್ಟ್ರ ಕೋವಿಯಲ್ಲಿ. ಬರ್ಮಿಂಗ್‌ಹ್ಯಾಂನ ಆಟದ ವಿಷಯ ಹೇಳಿದ ಮೇಲೆ ಅವರು ಒಂದು ದಪ್ಪ ತಗಡಿಗೆ ತೂತು ಕೊರೆಸಿ, ಹಿಂದೆ ತಮ್ಮ ಹಳೆಯ ಬಿಎಸ್‌ಎ ಸೈಕಲ್ಲಿನ ಬೆಲ್ ಕಟ್ಟಿದ್ದಾರೆ. ಮೊದಲ ದಿನ ಮೇಷ್ಟ್ರು ಮೂರನೇ ಈಡಿಗೆ ಅದನ್ನು ಬಾರಿಸಿದರು. ನನಗೆ ಹದಿನೇಳು ಬೇಕಾದವು.