ಆರ್‌ವಿ ಉಪಗ್ರಹ ಡಿಶ್: ದಿಕ್ಕು ಹೊಂದಿಸುವ ಕ್ರಮ

ಉತ್ತರ ಅಮೆರಿಕದಲ್ಲಿ ಆರ್‌ವಿ ಎಂಬ ಮನೆಗಾಡಿಯಲ್ಲಿ ಸುತ್ತುವವರು ಟಿವಿಗಾಗಿ ಒಯ್ಯುವ ಚಿಕ್ಕ ಡಿಶ್ಶನ್ನು ತಂಗಿದ ಪ್ರತಿ ಜಾಗದಲ್ಲೂ ಹೊಸದಾಗಿ ಉಪಗ್ರಹದತ್ತ ತಿರುಗಿಸಬೇಕು. ಮನೆಯ ಚಾವಣಿಯ ಡಿಶ್ಶಿಗಾದರೆ ಇದು ಒಮ್ಮೆ ಮುಗಿಯುವ ಕೆಲಸ.

ಹಿನ್ನೆಲೆ

1980ರ ದಶಕದ ಮನೆಬಳಕೆಯ ಡಿಶ್‌ಗಳು ಎರಡು ಮೂರು ಮೀಟರ್ ಅಗಲವಿದ್ದು, ಗಾಡಿಯಲ್ಲಿ ಒಯ್ಯುವಂತಿರಲಿಲ್ಲ. 1994ರಲ್ಲಿ ಡೈರೆಕ್ಟ್‌ಟಿವಿ, 1996ರಲ್ಲಿ ಡಿಶ್ ನೆಟ್‌ವರ್ಕ್ ಸೇವೆ ಆರಂಭಿಸಿದವು. 12 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಪ್ರಬಲವಾಗಿ ಪ್ರಸಾರ ಮಾಡುವ ಆ ಉಪಗ್ರಹಗಳಿಗೆ 46 ಸೆಂ.ಮೀ. ಡಿಶ್ ಸಾಕಾಯಿತು.

ಕೋನಗಳು

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಅಮೆರಿಕದಿಂದ ನೋಡಿದರೆ ಎಲ್ಲವೂ ದಕ್ಷಿಣದ ಆಕಾಶದಲ್ಲೇ ಇರುತ್ತವೆ. ಉತ್ತರದಿಂದ ಬಲಕ್ಕೆ ಅಳೆಯುವ ಕೋನ ದಿಗಂಶ. ದಿಗಂತದಿಂದ ಮೇಲಕ್ಕೆ ಅಳೆಯುವುದು ಉನ್ನತಿ. ಒಂದಕ್ಕಿಂತ ಹೆಚ್ಚು ಉಪಗ್ರಹಗಳನ್ನು ಒಟ್ಟಿಗೆ ಹಿಡಿಯುವ ಡಿಶ್ಶಿಗೆ ಓರೆ ಎಂಬ, ಡಿಶ್ಶನ್ನು ಪಕ್ಕಕ್ಕೆ ವಾಲಿಸುವ ಮೂರನೆಯ ಕೋನವೂ ಬೇಕು. ಈ ಸೇವೆಗಳ ಪ್ರಸಾರ ಬಹುಪಾಲು ವೃತ್ತೀಯ ಧ್ರುವೀಕರಣದ್ದಾದ್ದರಿಂದ ಒಂದೇ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಇದ್ದರೆ ಓರೆಯನ್ನು ಮರೆಯಬಹುದು.

ಉನ್ನತಿ ಸಾಮಾನ್ಯವಾಗಿ ಕಾಟ ಕೊಡುವುದಿಲ್ಲ. ತೊಂದರೆಯ ಮೂಲ ದಿಗಂಶ. ಚಳಿಗಾಲದಲ್ಲಿ ಆರ್‌ವಿಗಳು ಸಾವಿರಗಟ್ಟಲೆ ಸೇರುವ ಅರಿಜೋನಾದ ಕ್ವಾರ್ಟ್ಸೈಟ್‌ನಿಂದ, 119 ಡಿಗ್ರಿ ಪಶ್ಚಿಮ ರೇಖಾಂಶದ ಉಪಗ್ರಹಕ್ಕೆ ದಿಗಂಶ ಸುಮಾರು 189, ಉನ್ನತಿ ಸುಮಾರು 50 ಡಿಗ್ರಿ. ಆದರೆ ಅಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 10 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ದಿಕ್ಸೂಚಿ ನೋಡಿ 189ಕ್ಕೆ ತಿರುಗಿಸಿದ ಡಿಶ್ ನಿಜದಲ್ಲಿ 199ರತ್ತ ಮುಖ ಮಾಡಿರುತ್ತದೆ. ದಿಕ್ಸೂಚಿಯಲ್ಲಿ ಹುಡುಕಬೇಕಾದದ್ದು 179. ದೇಶದ ಇನ್ನೊಂದು ತುದಿಯ ಮೇಯ್ನ್‌ನಲ್ಲಿ ಮುಳ್ಳು ಸುಮಾರು 15 ಡಿಗ್ರಿ ಪಶ್ಚಿಮಕ್ಕೆ ವಾಲುವುದರಿಂದ ಅಲ್ಲಿ ಕಳೆಯುವ ಬದಲು ಕೂಡಿಸಬೇಕು. 46 ಸೆಂ.ಮೀ. ಡಿಶ್ಶಿನ ನೋಟದ ಅಗಲ ಸುಮಾರು 4 ಡಿಗ್ರಿ. ಉನ್ನತಿ ಹೆಚ್ಚಿದಷ್ಟೂ ದಿಗಂಶದ ತಪ್ಪಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ (50 ಡಿಗ್ರಿ ಉನ್ನತಿಯಲ್ಲಿ ಆ ನಾಲ್ಕು ಡಿಗ್ರಿ ದಿಗಂಶದ ಆರಕ್ಕೆ ಸಮ). ಹಾಗಿದ್ದರೂ ಹತ್ತು ಡಿಗ್ರಿಯ ತಪ್ಪು ಅದರಲ್ಲಿ ಅಡಗುವುದಿಲ್ಲ. ಗಾಡಿಯ ಉಕ್ಕು ಕೂಡ ಮುಳ್ಳನ್ನು ಎಳೆಯುತ್ತದೆ. ದಿಕ್ಸೂಚಿಯನ್ನು ದೂರ ನಿಂತು ನೋಡುವುದು ಲೇಸು.

ಹೊಂದಿಸುವುದು

ಮೊದಲು ರಸಮಟ್ಟವಿಟ್ಟು ಸ್ಟ್ಯಾಂಡಿನ ಕಂಬವನ್ನು ನೆಟ್ಟಗೆ ಮಾಡಬೇಕು. ಕಂಬ ವಾಲಿದರೆ ಉನ್ನತಿಯ ಗುರುತುಗಳಿಗೆ ಅರ್ಥವಿಲ್ಲ, ತಿರುಗಿಸಿದಂತೆಲ್ಲ ಉನ್ನತಿಯೂ ಬದಲಾಗುತ್ತದೆ. ಎಲ್‌ಎನ್‌ಬಿ ಕೆಳಗೆ ಚಾಚಿರುವ ಈ ಡಿಶ್‌ಗಳು ನೋಡುವುದು ಮೇಲಕ್ಕಾದರೂ ಕಾಣುವುದು ಬಹುತೇಕ ನೆಟ್ಟಗೆ. ಆದ್ದರಿಂದ ಕಣ್ಣಳತೆ ನಂಬದೆ ಬ್ರಾಕೆಟ್ಟಿನ ಅಂಕಿಯನ್ನೇ ಇಡಬೇಕು. ಆಮೇಲೆ ಉನ್ನತಿಯನ್ನು ಬಿಗಿದು, ಡಿಶ್ಶನ್ನು ಅಡ್ಡಡ್ಡಲಾಗಿ ಒಂದೊಂದೇ ಡಿಗ್ರಿ ಸರಿಸುತ್ತಾ, ಪ್ರತಿ ಸಲ ಕೆಲವು ಸೆಕೆಂಡು ಕಾಯಬೇಕು. ಸಿಗ್ನಲ್ ಗುರುತಿಸಲು ರಿಸೀವರಿಗೆ ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸಿದವರು ಉಪಗ್ರಹವನ್ನು ದಾಟಿ ಹೋಗುತ್ತಾರೆ. ಸಿಗ್ನಲ್ ಬಲವಾಗಿದ್ದ ಮಾತ್ರಕ್ಕೆ ಅದು ಬೇಕಾದ ಉಪಗ್ರಹವೇ ಎನ್ನಲಾಗದು. 110 ಮತ್ತು 129 ಡಿಗ್ರಿಯಲ್ಲೂ ನೆರೆಯ ಉಪಗ್ರಹಗಳಿರುವುದರಿಂದ ಪರದೆಯಲ್ಲಿ ಉಪಗ್ರಹದ ಗುರುತು ಮೂಡಿದ ಮೇಲೆಯೇ ಕಂಬವನ್ನು ಬಿಗಿಯಬೇಕು.

ಅಡೆತಡೆಗಳು

ಎಲೆಗಳು ಸಿಗ್ನಲನ್ನು ತಡೆಯುತ್ತವೆ. ಬೆಂಗಳೂರಿನಿಂದ 83 ಡಿಗ್ರಿ ಪೂರ್ವದ ಉಪಗ್ರಹ ಸುಮಾರು 73 ಡಿಗ್ರಿ ಎತ್ತರದಲ್ಲಿರುವುದರಿಂದ ಅಲ್ಲಿ ಈ ತೊಡಕು ಕಡಿಮೆ. ಮೇಯ್ನ್‌ನ ಬ್ಯಾಂಗೋರ್‌ನಿಂದ 119ರ ಉಪಗ್ರಹ ಬರೀ 19 ಡಿಗ್ರಿ ಎತ್ತರದಲ್ಲಿದ್ದು, 20 ಮೀಟರಿನ ಮರ 58 ಮೀಟರ್ ದೂರದಲ್ಲಿದ್ದರೂ ಅಡ್ಡ ಬರುತ್ತದೆ. ಅಲ್ಲಿ 61.5 ಡಿಗ್ರಿಯ ಉಪಗ್ರಹಕ್ಕೆ ಹೊಂದುವ ಡಿಶ್ಶೇ ಅನುಕೂಲ. ಅದರ ಉನ್ನತಿ ಸುಮಾರು 38. ತಾನಾಗಿ ಉಪಗ್ರಹ ಹುಡುಕಿಕೊಳ್ಳುವ ಗುಮ್ಮಟದಂಥ ಆಂಟೆನಾಗಳೂ ಇವೆ. ಆದರೆ ಅವನ್ನು ಗಾಡಿಯ ಚಾವಣಿಗೇ ಕೂರಿಸಿದ್ದರೆ, ಮರದ ನೆರಳಿನಲ್ಲಿ ಗಾಡಿ ನಿಂತಾಗ ಉಪಯೋಗಕ್ಕೆ ಬಾರವು; ಸ್ಟ್ಯಾಂಡಿನ ಡಿಶ್ಶನ್ನಾದರೆ ಉದ್ದನೆಯ ಆರ್‌ಜಿ-6 ಕೇಬಲ್ ಎಳೆದು ಬಯಲಿಗೆ ಒಯ್ಯಬಹುದು.