ಶ್ವಾನಮಾರ್ಜಾಲಗಳ ಸಂತಾನವಿಚಾರ

ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಅಭಿಲಷಿತಾರ್ಥಚಿಂತಾಮಣಿ’ಯ ಪ್ರಥಮ ಭಾಗವು ಆರ್. ಶಾಮಶಾಸ್ತ್ರಿಗಳಿಂದ ಪರಿಷ್ಕೃತವಾಗಿ 1926ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ‘ಮಾನಸೋಲ್ಲಾಸ’ವೆಂದೂ ಪ್ರಸಿದ್ಧವಾದ ಈ ಗ್ರಂಥದಲ್ಲಿ ಸಾರಮೇಯವಿನೋದವೆಂಬ ಪ್ರಕರಣವುಂಟು. ಅರಸರಿಗೆ ಬೇಕಾದುದು ಬೇಟೆಗೊದಗುವ ನಾಯಿ. ಮೈಸೂರಿಗೆ ಅನತಿದೂರದ ಆತಕೂರಿನ ಶಾಸನದಲ್ಲಿ (ಕ್ರಿ. ಶ. 949-50) ಹಂದಿಯೊಡನೆ ಕಾದಿ ಮಡಿದ ‘ಕಾಳಿ’ಗೆ ಸಂದ ಗೌರವವೂ ಅಂತಹುದೇ. ಬೆಕ್ಕು ಬೇಟೆಗಾರರ ಗಣನೆಗೆ ಬಂದ ಪ್ರಾಣಿಯಲ್ಲ.

ಗರ್ಭಧಾರಣೆಯ ರಹಸ್ಯವನ್ನು ಐರೋಪ್ಯ ವಿದ್ವಾಂಸರು ಶೋಧಿಸಿದಾಗಲೂ ನಾಯಿಯೇ ಸಾಧನವಾಯಿತು. 1780ರಲ್ಲಿ ಇಟಲಿಯ ಸ್ಪಲ್ಲಂಜಾನಿಯು ಹೆಣ್ಣುನಾಯಿಯೊಂದಕ್ಕೆ ಕೃತಕವಾಗಿ ವೀರ್ಯವನ್ನು ಸೇರಿಸಲು, 62 ದಿನಗಳ ಮೇಲೆ ಮೂರು ಮರಿಗಳು ಹುಟ್ಟಿದುವು. 1827ರಲ್ಲಿ ಫಾನ್ ಬೇರನು ಸಸ್ತನಿಯ ಅಂಡವನ್ನು ಮೊದಲು ಕಂಡುದೂ ನಾಯಿಯಲ್ಲಿಯೇ.

ಈಗ ಸಂಶೋಧನೆಯ ಒಂದು ಮುಖ್ಯ ಗುರಿಯು ತಿರುವುಮುರುವಾಗಿದೆ; ಮರಿ ಹುಟ್ಟದಂತೆ ತಡೆಯಬೇಕಾಗಿದೆ. ಮೈಸೂರಿನ ಬೀದಿಗಳಿಗೂ ಅನ್ವಯಿಸುವಂತೆ 2001ರಲ್ಲಿ ಬಂದ ಕೇಂದ್ರದ ನಿಯಮಗಳೂ, ಅವುಗಳ ಸ್ಥಾನದಲ್ಲಿ 2023ರಲ್ಲಿ ಬಂದವೂ, ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ ವಿಧಿಸಿದುವು. ಆ ರೋಗದ ಲಕ್ಷಣ ತೋರಿದ ಮನುಷ್ಯನು ಬದುಕುವುದು ಅತಿ ವಿರಳವಾದುದರಿಂದ ಇದು ವಿನೋದದ ಮಾತಲ್ಲ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ಬೆದೆಗೆ ಬರುತ್ತದೆ. ಬೆಕ್ಕಿನಲ್ಲಾದರೋ ಕೂಡಿಕೆಯಿಂದಲೇ ಅಂಡವು ಬಿಡುಗಡೆಯಾಗುವುದರಿಂದ ಗರ್ಭವು ಸುಲಭವಾಗಿ ನಿಲ್ಲುತ್ತದೆ. ಒಂದೊಂದನ್ನೇ ಹಿಡಿದು ಶಸ್ತ್ರಪ್ರಯೋಗ ಮಾಡುವ ವೈದ್ಯರಿಗೆ ಈ ವೇಗವನ್ನು ಸರಿಗಟ್ಟುವುದು ಕಷ್ಟ. ಆದಕಾರಣವೇ ಶಸ್ತ್ರವಿಲ್ಲದ ಉಪಾಯದ ಅನ್ವೇಷಣೆ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಒಂದೇ ಬಾರಿ ಚುಚ್ಚುಮದ್ದು ಪಡೆದ ಆರು ಹೆಣ್ಣುಬೆಕ್ಕುಗಳಲ್ಲಿ ಒಂದೂ ಗರ್ಭ ಧರಿಸಲಿಲ್ಲ. ಮದ್ದು ಪಡೆಯದ ಮೂರೂ ಮರಿ ಹಾಕಿದುವು.