ಚಾಸಿ ಕಾರ್ಖಾನೆಯದು, ಬಾಡಿ ಬಡಗಿಯದು: ಹಳೆಯ ಲಾರಿಯ ಜೀರ್ಣೋದ್ಧಾರದ ಹಿನ್ನೆಲೆ

ಹಳೆಯ ಲಾರಿಯೊಂದನ್ನು ಮನೆಯ ಅಂಗಳದಲ್ಲೋ ಹಿತ್ತಿಲ ಕೊಟ್ಟಿಗೆಯಲ್ಲೋ ಬಿಚ್ಚಿಹಾಕಿ, ತುಕ್ಕು ತೆಗೆದು, ಸವೆದ ಭಾಗಗಳನ್ನು ಸರಿಪಡಿಸಿ, ಅದು ಮೊದಲು ರಸ್ತೆಗಿಳಿದ ದಿನದ ರೂಪಕ್ಕೆ ಮರಳಿಸುವ ಕೆಲಸಕ್ಕೆ ಕನ್ನಡದಲ್ಲಿ ಜೀರ್ಣೋದ್ಧಾರ ಎಂಬ ಮಾತು ಚೆನ್ನಾಗಿ ಹೊಂದುತ್ತದೆ. ಗುಡಿಯ ಜೀರ್ಣೋದ್ಧಾರಕ್ಕೆ ಕೈಹಾಕಿದವರ ಮುಂದೆ ಬರುವ ಪ್ರಶ್ನೆಯೇ, ಅಂದರೆ ಯಾವ ಕಾಲದ ರೂಪವನ್ನು ಮೂಲರೂಪವೆಂದು ಹಿಡಿಯಬೇಕು ಎಂಬುದೇ, ಲಾರಿಯನ್ನು ಬಿಚ್ಚಿದವರ ಮುಂದೆಯೂ ಬರುತ್ತದೆ. ಕಾರಿನ ವಿಷಯದಲ್ಲಿ ಈ ಪ್ರಶ್ನೆಗೆ ಕಾರ್ಖಾನೆಯ ದಾಖಲೆಯಲ್ಲಿ ಬಹುಮಟ್ಟಿಗೆ ಉತ್ತರ ಸಿಕ್ಕೀತು. ಆದರೆ ಭಾರತದ ಲಾರಿ ತನ್ನ ಚರಿತ್ರೆಯ ಬಹುಭಾಗದಲ್ಲಿ ಕಾರ್ಖಾನೆಯಿಂದ ಪೂರ್ತಿಯಾಗಿ ಹೊರಬಂದದ್ದೇ ಇಲ್ಲ. ಅದರ ಅರ್ಧ ಕಬ್ಬಿಣದ ಕಾರ್ಖಾನೆಯಲ್ಲಿ ಹುಟ್ಟಿದರೆ ಉಳಿದರ್ಧ ಊರಿನ ಬಡಗಿಯ ಕೈಯಲ್ಲಿ ಹುಟ್ಟಿತು. ಈ ಎರಡನೆಯ ಅರ್ಧದ ಚರಿತ್ರೆಯನ್ನು ತಿಳಿಯದೆ ಮಾಡಿದ ಜೀರ್ಣೋದ್ಧಾರ ಎಷ್ಟೇ ಹೊಳಪಾಗಿದ್ದರೂ ಅಪೂರ್ಣವೇ.

ಈ ಪದ್ಧತಿ ಅಮೆರಿಕದಲ್ಲೂ ಇತ್ತು. ಫೋರ್ಡ್ ಕಂಪನಿ 1917ರಲ್ಲಿ ಮಾಡೆಲ್ ಟಿಟಿ ಎಂಬ ಒಂದು ಟನ್ ಹೊರೆಯ ಲಾರಿಯನ್ನು 600 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಾಗ, ಕೊಳ್ಳುವವನ ಕೈಗೆ ಬಂದದ್ದು ಚಾಸಿ ಮಾತ್ರ. ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಏಣಿಯಂತೆ ಜೋಡಿಸಿ, ಅದರ ಮೇಲೆ ಎಂಜಿನ್, ಗೇರು, ಆಕ್ಸೆಲ್, ಚಕ್ರಗಳನ್ನು ಕೂರಿಸಿದ ಅಸ್ಥಿಪಂಜರ. ಪ್ರಸಿದ್ಧವಾದ ಮಾಡೆಲ್ ಟಿ ಕಾರಿನ ಎಂಜಿನ್ನನ್ನೇ ಇದಕ್ಕೂ ಬಳಸಿ, ತೊಲೆಯನ್ನು ಉದ್ದ ಮಾಡಿ, ಹಿಂದಿನ ಆಕ್ಸೆಲ್ಲನ್ನು ಭಾರಕ್ಕೆ ತಕ್ಕಂತೆ ಬಲಪಡಿಸಲಾಗಿತ್ತು. ಚಾಲಕ ಕೂರುವ ಕ್ಯಾಬಿನ್ನನ್ನೂ ಸರಕಿನ ತೊಟ್ಟಿಯನ್ನೂ ಕೊಂಡವನೇ ಕಟ್ಟಿಸಿಕೊಳ್ಳಬೇಕಿತ್ತು. ಕಾರ್ಖಾನೆಯೇ ಕಟ್ಟಿದ ಕ್ಯಾಬಿನ್ 1924ರವರೆಗೆ ಬರಲಿಲ್ಲ. ಕುದುರೆಬಂಡಿ ಮಾಡುತ್ತಿದ್ದ ಕುಶಲಕರ್ಮಿಗಳಿಗೆ ಇದರಿಂದ ಹೊಸ ಉದ್ಯೋಗ ದೊರೆಯಿತು, ಹಾಗೆಯೇ ಹಾಲಿನವನ ಲಾರಿ, ಇದ್ದಿಲಿನವನ ಲಾರಿ, ರೈತನ ಲಾರಿ ಒಂದೇ ಚಾಸಿಯ ಮೇಲೆ ಬೇರೆ ಬೇರೆ ರೂಪ ತಾಳಿದವು.

ಭಾರತಕ್ಕೆ ಬಂದ ಲಾರಿಗಳದ್ದೂ ಇದೇ ಕಥೆ. ಬ್ರಿಟನ್ನನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ಭಾಗಗಳಲ್ಲಿ ಫೋರ್ಡ್ ವಾಹನ ಮಾರುವ ಹಕ್ಕು ಕೆನಡಾದ ಫೋರ್ಡ್ ಕಂಪನಿಗಿದ್ದು, ಅದರ ಅಂಗಸಂಸ್ಥೆ 1926ರಲ್ಲಿ ಭಾರತದಲ್ಲಿ ನೆಲೆಯೂರಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ, ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಷೆವ್ರೊಲೆ ಕಾರು ಮತ್ತು ಲಾರಿಗಳನ್ನು ತಯಾರಿಸಲಾರಂಭಿಸಿತು. ವಾಹನ ಅಮೆರಿಕ ಮೂಲದ್ದಾದರೂ ಅದಕ್ಕೆ ನಾಡಿನಲ್ಲಿ ನಿಂತ ಹೆಸರು ಲಾರಿ ಎಂಬ ಬ್ರಿಟಿಷ್ ಪದವೇ, ಟ್ರಕ್ ಎಂಬ ಅಮೆರಿಕದ ಪದವಲ್ಲ. ಆಳುವವರ ಭಾಷೆ ಒಂದು ಕಡೆಯಿಂದ, ಯಂತ್ರ ಇನ್ನೊಂದು ಕಡೆಯಿಂದ ಬಂದ ಕಾಲದ ಗುರುತನ್ನು ಕನ್ನಡದ ಈ ದಿನಬಳಕೆಯ ಮಾತು ಇಂದಿಗೂ ಹೊತ್ತಿದೆ. ಬಾಡಿ ಕಟ್ಟುವ ಕುಶಲತೆ ಮಾತ್ರ ಇಲ್ಲಿ ಮೊದಲೇ ಇತ್ತು. ಮದರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆ ಸಾರೋಟು ಕಟ್ಟುವ ಸಂಸ್ಥೆಯಾಗಿ ಹುಟ್ಟಿ, ಮುಂದೆ ಮೋಟಾರು ವಾಹನಗಳ ಬಾಡಿ ಕಟ್ಟಿ, ಸ್ವಾತಂತ್ರ್ಯಾನಂತರ ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳನ್ನೇ ತಯಾರಿಸುವಷ್ಟು ಬೆಳೆಯಿತು. ಅಷ್ಟು ದೊಡ್ಡ ಸಂಸ್ಥೆಯಿಲ್ಲದ ಊರುಗಳಲ್ಲಿ ಎತ್ತಿನಗಾಡಿ ಮಾಡುತ್ತಿದ್ದ ಬಡಗಿ ಮತ್ತು ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದ ಕಮ್ಮಾರ, ಇಬ್ಬರೇ ಸೇರಿದರೂ ಲಾರಿಯೊಂದು ಸಿದ್ಧವಾಗುತ್ತಿತ್ತು.

ಆ ಕೆಲಸದ ಕ್ರಮವನ್ನು ಹತ್ತಿರದಿಂದ ನೋಡುವುದು ಅಗತ್ಯ. ಚಾಸಿಯ ತೊಲೆಗೆ ರಂಧ್ರ ಕೊರೆದರೆ ಅದು ಬಲಗುಂದುತ್ತದೆಂದು ಬಲ್ಲ ಕೆಲಸಗಾರರು, ತೊಲೆಯ ಮೇಲೆ ಅಷ್ಟೇ ಉದ್ದದ ಮರದ ದಿಮ್ಮಿಯನ್ನಿಟ್ಟು ಯು ಆಕಾರದ ಬೋಲ್ಟುಗಳಿಂದ ಎರಡನ್ನೂ ತಬ್ಬಿಸಿ ಬಿಗಿಯುತ್ತಿದ್ದರು. ಅದರ ಮೇಲೆ ಅಡ್ಡತೊಲೆ, ಅಡ್ಡತೊಲೆಯ ಮೇಲೆ ನೆಲಹಲಗೆ, ಅಂಚಿಗೆ ಪಕ್ಕದ ಹಲಗೆಗಳು, ಮೂಲೆಗೆ ಕಬ್ಬಿಣದ ಕಟ್ಟು, ಹಿಂದೆ ಕೀಲಿನ ಮೇಲೆ ಕೆಳಗಿಳಿಯುವ ಬಾಗಿಲು ಬರುತ್ತಿದ್ದವು. ಕ್ಯಾಬಿನ್ನಿಗೆ ಮರದ ಚೌಕಟ್ಟು ಹೂಡಿ, ಹೊರಗಿನಿಂದ ತಗಡು ಬಡಿದು, ಮುಂದೆ ಎರಡು ತುಂಡಿನ ಗಾಜು ಕೂರಿಸಿ, ಒಳಗೆ ಚಾಲಕನಿಗೂ ಕ್ಲೀನರನಿಗೂ ಹಲಗೆಯ ಆಸನ ಮಾಡಿ, ನೆತ್ತಿಯ ಮೇಲೆ ತಾಡಪಾಲು ಮತ್ತು ಹಗ್ಗ ಇಡಲು ಜಾಗ ಬಿಡುತ್ತಿದ್ದರು. ಹಳ್ಳಕೊಳ್ಳದ ದಾರಿಯಲ್ಲಿ ಭಾರ ಹೊತ್ತ ಏಣಿ ಚಾಸಿ ತಿರುಚಿಕೊಳ್ಳುತ್ತದೆ, ಅದು ತಿರುಚಿಕೊಳ್ಳಲೇಬೇಕು. ಬಿಗಿದ ಉಕ್ಕಿನ ಬಾಡಿ ಆ ತಿರುಚಿಗೆ ಬಿರಿದರೆ, ಬೋಲ್ಟಿನಿಂದ ಕಟ್ಟಿದ ಮರದ ಬಾಡಿ ಕೀಲುಕೀಲಿನಲ್ಲಿ ತುಸು ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಮರವನ್ನು ಆರಿಸಿದ್ದು ಅಗ್ಗವೆಂಬ ಒಂದೇ ಕಾರಣಕ್ಕಲ್ಲ ಎಂಬುದಕ್ಕೆ ಈ ರಚನೆಯೇ ಸಾಕ್ಷಿ.

ಎರಡನೆಯ ಮಹಾಯುದ್ಧ ಈ ಕಸುಬಿಗೆ ಎರಡು ತಿರುವು ಕೊಟ್ಟಿತು. ಪೆಟ್ರೋಲಿಗೆ ಪಡಿತರ ಬಂದಾಗ ಲಾರಿ ಬಸ್ಸುಗಳ ಬೆನ್ನಿಗೋ ಪಕ್ಕಕ್ಕೋ ಉರುಳೆಯಾಕಾರದ ಒಲೆಯೊಂದನ್ನು ಕಟ್ಟಿ, ಅದರೊಳಗೆ ಇದ್ದಿಲನ್ನು ಅರೆಬರೆ ಉರಿಸಿ, ಹೊರಬರುವ ಕಾರ್ಬನ್ ಮಾನಾಕ್ಸೈಡ್ ಪ್ರಧಾನವಾದ ಅನಿಲವನ್ನು ಸೋಸಿ ಎಂಜಿನ್ನಿಗೆ ಉಣಿಸುವ ಏರ್ಪಾಡು ಬಂತು. ಎಂಜಿನ್ನಿನ ಬಲ ಗಣನೀಯವಾಗಿ ಕುಗ್ಗುತ್ತಿದ್ದುದರಿಂದ ಏರಿನಲ್ಲಿ ಗಾಡಿ ತೆವಳುತ್ತಿತ್ತು. ಮೈಸೂರು ಸೀಮೆಯ ಹಿರಿಯರ ನೆನಪಿನಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಬಹುಕಾಲ ಉಳಿದವು. ಎರಡನೆಯ ತಿರುವು ಯುದ್ಧ ಮುಗಿದ ಮೇಲಿನದು. ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಖಾನೆಗಳು ಮಿತ್ರಪಡೆಗಳಿಗಾಗಿ ಒಂದೇ ಮಾದರಿಯ ಸೇನಾ ಲಾರಿಗಳನ್ನು ಲಕ್ಷಗಟ್ಟಲೆ ತಯಾರಿಸಿದ್ದವು. ಚಪ್ಪಟೆ ಮೂಗು, ಬಲಗೈ ಸ್ಟಿಯರಿಂಗ್, ಮುಂದಿನ ಗಾಜು ಮೇಲ್ಭಾಗದಲ್ಲಿ ಮುಂದಕ್ಕೆ ಬಾಗಿರುವುದು, ಇವು ಅವುಗಳಲ್ಲಿ ಬಹುಸಂಖ್ಯೆಯವನ್ನು ದೂರದಿಂದಲೇ ಗುರುತಿಸುವ ಲಕ್ಷಣಗಳು. ಭಾರತದಲ್ಲಿ ಉಳಿದ ಇಂಥ ಗಾಡಿಗಳು ಯುದ್ಧಾನಂತರ ಹರಾಜಾಗಿ ಖಾಸಗಿಯವರ ಕೈಸೇರಿದವು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹಾಯುವ ಮಾದರಿಗಳಿಗೆ ಕಾಡಿನಿಂದ ದಿಮ್ಮಿ ಎಳೆಯುವವರಲ್ಲಿ ವಿಶೇಷ ಬೇಡಿಕೆಯಿತ್ತು. ಸೈನ್ಯದ ಉಕ್ಕಿನ ಬಾಡಿ ಇಳಿದು ಊರಿನ ಮರದ ಬಾಡಿ ಏರಿದ ಮೇಲೆ ಆ ಲಾರಿಯ ಎರಡನೆಯ ಜನ್ಮ ಶುರುವಾಗುತ್ತಿತ್ತು.

ದೇಶದಲ್ಲೇ ಮೋಟಾರು ತಯಾರಿಸಬೇಕೆಂಬ ಕನಸಿನಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಮತ್ತು ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಮೋಟಾರು ಉದ್ಯಮದ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡಾಗ, ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸಲು ದಿವಾನ್ ಮಿರ್ಜಾ ಇಸ್ಮಾಯಿಲರೂ ಮುಂದಾದರು. ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಆ ಯತ್ನ ಕೈಗೂಡಲಿಲ್ಲ. ಅದೇ ವಾಲಚಂದರ ಮುಂದಾಳತ್ವದಲ್ಲಿ 1940ರಲ್ಲಿ ಬೆಂಗಳೂರಿಗೆ ಬಂದದ್ದು ಹಿಂದುಸ್ತಾನ್ ಏರ್‌ಕ್ರಾಫ್ಟ್ ವಿಮಾನ ಕಾರ್ಖಾನೆ. ಮೋಟಾರು ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಗಿ, ಅಲ್ಲಿಯ ಕುರ್ಲಾದಿಂದ ಡಾಡ್ಜ್ ಮತ್ತು ಫಾರ್ಗೊ ಲಾರಿಗಳು ಹೊರಬಂದವು. ಮೈಸೂರಿನ ಯತ್ನ ಫಲಿಸಿದ್ದರೆ ಹಳೆಯ ಫಾರ್ಗೊಗಳನ್ನು ಕನ್ನಡನಾಡಿನ ಸೃಷ್ಟಿಯೆಂದು ಕರೆಯಬಹುದಿತ್ತು.

ಸ್ವತಂತ್ರ ಭಾರತದ ಸರ್ಕಾರ, ದೇಶದಲ್ಲೇ ಬಿಡಿಭಾಗ ತಯಾರಿಸುವ ಕಾರ್ಯಕ್ರಮವಿಲ್ಲದೆ ಬರಿಯ ಜೋಡಣೆ ಮಾಡುವ ಕಂಪನಿಗಳಿಗೆ ಅವಕಾಶವಿಲ್ಲವೆಂಬ ನೀತಿಯನ್ನು ತಾಳಿದ ಮೇಲೆ, 1950ರ ದಶಕದ ಮೊದಲ ವರ್ಷಗಳಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಹೊರನಡೆದವು. 1954ರಲ್ಲಿ ಜಮ್‌ಶೆಡ್‌ಪುರದ ಟಾಟಾ ಸಂಸ್ಥೆಯಾದ ಟೆಲ್ಕೊ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಅದೇ ವರ್ಷ ಮೊದಲ ಡೀಸೆಲ್ ಲಾರಿಯನ್ನು ಹೊರತಂದಿತು. 1969ರಲ್ಲಿ ಒಪ್ಪಂದ ಮುಗಿದಾಗ ಮೂತಿಯ ಮೇಲಿನ ಬೆಂಜ್ ಲಾಂಛನವಾದ ಮೂರು ಮೊನೆಯ ನಕ್ಷತ್ರದ ಜಾಗಕ್ಕೆ ಟಿ ಅಕ್ಷರ ಬಂತು. ಕಾರ್ಖಾನೆ ಸ್ವದೇಶದ್ದಾದರೂ ಪದ್ಧತಿ ಬದಲಾಗಲಿಲ್ಲ. ಬಾನೆಟ್ಟು ಮತ್ತು ಡ್ಯಾಷ್ ತನಕ ಮಾತ್ರ ಮೈಯಿದ್ದ, ಕೌಲ್ ಚಾಸಿ ಎಂದು ಕಸುಬಿನವರು ಕರೆಯುವ ಗಾಡಿಯನ್ನು, ಚಾವಣಿಯಿಲ್ಲದೆ, ಬಾಗಿಲಿಲ್ಲದೆ, ಹಲಗೆಯನ್ನೋ ಪೆಟ್ಟಿಗೆಯನ್ನೋ ಆಸನ ಮಾಡಿಕೊಂಡು, ತಲೆಮುಖಕ್ಕೆ ಬಟ್ಟೆ ಸುತ್ತಿದ ಚಾಲಕರು ಬಿಸಿಲು ಮಳೆಯಲ್ಲಿ ದಿನಗಟ್ಟಲೆ ಓಡಿಸಿ ಬಾಡಿ ಕಟ್ಟುವ ಊರಿಗೆ ಮುಟ್ಟಿಸುತ್ತಿದ್ದರು. ಪಂಜಾಬಿನ ಸರ್‌ಹಿಂದ್, ತಮಿಳುನಾಡಿನ ನಾಮಕ್ಕಲ್‌ನಂಥ ಊರುಗಳು ಈ ಕಸುಬಿನಿಂದಲೇ ಹೆಸರಾದವು. ಬಣ್ಣ, ಬಳ್ಳಿ, ದೇವರ ಹೆಸರು, ತಾಯಿತಂದೆಯರ ಆಶೀರ್ವಾದವೆಂಬ ಬರಹ, ಇವೆಲ್ಲ ಕೂಡಿದ ಮೇಲೆಯೇ ಲಾರಿ ಮಾಲೀಕನ ಮನೆ ಸೇರುತ್ತಿತ್ತು. ಆಯುಧಪೂಜೆಯ ದಿನ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಮುಂದೆ ಸರಿಸಿದ್ದು ಈ ಪೂರ್ಣ ಲಾರಿಯನ್ನೇ.

ಹೀಗೆ ಕಟ್ಟಿದ ಲಾರಿ ಕಟ್ಟಿದಂತೆ ಉಳಿಯುತ್ತಲೂ ಇರಲಿಲ್ಲ. ಬಿಡಿಭಾಗಗಳ ಅಭಾವದ ಕಾಲದಲ್ಲಿ ಸಿಲಿಂಡರು ಸವೆದರೆ ಬೋರ್ ಮಾಡಿಸಿ, ಕಮಾನು ಪಟ್ಟಿ ಮುರಿದರೆ ಗುಜರಿಯಿಂದ ಇನ್ನೊಂದನ್ನು ತಂದು, ಸಿಗದ ಭಾಗವನ್ನು ಲೇತಿನಲ್ಲಿ ಕಡೆಸಿ ಓಡಿಸುವುದೇ ರೂಢಿಯಾಗಿತ್ತು. ಪೆಟ್ರೋಲು ದುಬಾರಿಯಾದಂತೆ ಎಷ್ಟೋ ಲಾರಿಗಳ ಮೂಲ ಎಂಜಿನ್ ಇಳಿದು ಡೀಸೆಲ್ ಎಂಜಿನ್ ಕುಳಿತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಪ್ರತಿ ಊರಿನ ಟಿಂಕರಿಂಗ್ ಶೆಡ್ಡುಗಳು, ಅಂದರೆ ನೆಗ್ಗಿದ ತಗಡನ್ನು ಬಡಿದು ನೇರ್ಪಡಿಸುವ ಕೆಲಸದ ಮನೆಗಳು, ಈ ರೂಢಿಯ ಮೇಲೆಯೇ ಬೆಳೆದವು. ಹಳೆಯ ಲಾರಿಯನ್ನು ಮನೆಯಲ್ಲಿ ಮರಳಿ ಕಟ್ಟುವ ಹವ್ಯಾಸಿ ಇಂದು ಅವಲಂಬಿಸುವುದೂ ಈ ದುರಸ್ತಿ ವಿದ್ಯೆಯನ್ನೇ.

ಸರಕು ವಾಹನಗಳನ್ನು ಪ್ರೀತಿಗಾಗಿ ಉಳಿಸಿಕೊಳ್ಳುವ ಸಂಘಟಿತ ಹವ್ಯಾಸ ಬ್ರಿಟನ್ನಿನಲ್ಲಿ 1958ರ ಹೊತ್ತಿಗೆ ಹಿಸ್ಟಾರಿಕ್ ಕಮರ್ಷಿಯಲ್ ವೆಹಿಕಲ್ ಕ್ಲಬ್ ರೂಪದಲ್ಲಿ ಕಾಣಿಸಿಕೊಂಡು, 1962ರಿಂದ ಲಂಡನ್ ನಗರದಿಂದ ಬ್ರೈಟನ್‌ಗೆ ಹಳೆಯ ಲಾರಿ ಬಸ್ಸುಗಳ ಓಟವೇ ನಡೆಯತೊಡಗಿತು. ಅಮೆರಿಕದಲ್ಲಿ 1971ರಲ್ಲಿ ಟ್ರಕ್ ಚರಿತ್ರೆಗೆಂದೇ ಒಂದು ಸಂಘ ಹುಟ್ಟಿತು. ಭಾರತದಲ್ಲಿ 1964ರಷ್ಟು ಹಿಂದೆಯೇ ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ರ‍್ಯಾಲಿ ಆರಂಭವಾದರೂ ಗೌರವ ಸಂದದ್ದು ಮುಖ್ಯವಾಗಿ ಅರಸರ, ಸಿರಿವಂತರ ಕಾರುಗಳಿಗೆ. ದುಡಿದು ಸವೆದ ಲಾರಿಗೆ ಗುಜರಿಯೇ ಗತಿಯಾಯಿತು.

ಲಾರಿಯನ್ನು ಬಿಚ್ಚುವಾಗ ಚರಿತ್ರೆ ಪದರಪದರವಾಗಿ ಕಣ್ಣಿಗೆ ಬೀಳುತ್ತದೆ. ಬಾನೆಟ್ಟಿನ ಒಂದು ಮೂಲೆಯಲ್ಲಿ ಉಪ್ಪುಕಾಗದದಿಂದ ನಿಧಾನವಾಗಿ ಉಜ್ಜುತ್ತ ಹೋದರೆ ಮೇಲಿನ ಕೇಸರಿಯ ಕೆಳಗೆ ಹಳದಿ, ಅದರ ಕೆಳಗೆ ನೀಲಿ, ಎಲ್ಲಕ್ಕಿಂತ ಕೆಳಗೆ ಸೈನ್ಯದ ಹಸಿರು ಕಂಡರೆ ಆ ಗಾಡಿಯ ಎಲ್ಲ ಜನ್ಮಗಳೂ ಅಂಗೈಯಗಲದ ಜಾಗದಲ್ಲಿ ತೆರೆದುಕೊಂಡಂತೆ. ವರ್ಷಗಟ್ಟಲೆ ನಿಂತು ಹಿಡಿದುಕೊಂಡ ಎಂಜಿನ್ನನ್ನು ಬಲವಂತದಿಂದ ತಿರುಗಿಸಬಾರದು. ಪ್ಲಗ್ಗಿನ ರಂಧ್ರದಿಂದ ತೆಳು ಎಣ್ಣೆ ಬಿಟ್ಟು, ದಿನಗಳ ಕಾಲ ನೆನೆಸಿ, ಆಮೇಲೆ ಮುಂದಿನ ಹ್ಯಾಂಡಲಿನಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕು. ಲೋಹದ ಈ ಕೆಲಸಕ್ಕೆ ಕೈಪಿಡಿಗಳಿವೆ. ನೆಲಹಲಗೆ ಕೊಳೆತು ಉದುರಿದ ಮೇಲೆ ಬಡಗಿ ಯಾವ ಅಂತರದಲ್ಲಿ ಅಡ್ಡತೊಲೆ ಇಟ್ಟಿದ್ದ, ಕ್ಯಾಬಿನ್ನಿನ ಮೂಲೆಯ ಕೀಲನ್ನು ಹೇಗೆ ಕೂಡಿಸಿದ್ದ ಎಂಬುದಕ್ಕೆ ಮಾತ್ರ ಯಾವ ಕೈಪಿಡಿಯೂ ಇಲ್ಲ. ಅದು ಕಟ್ಟಿದವನ ಕೈಯಲ್ಲಿತ್ತು, ಅವನೊಂದಿಗೇ ಹೋಯಿತು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ವಿಂಟೇಜ್ ಮಾನ್ಯತೆ ಕೊಟ್ಟಿತು. ಹತ್ತು ವರ್ಷದ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ ಮತ್ತು ವಿಎ ಅಕ್ಷರಗಳುಳ್ಳ ಸಂಖ್ಯಾಫಲಕ ಅದರ ಮುಖ್ಯಾಂಶಗಳು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದೆಂಬುದು ಷರತ್ತು. ನಿಯಮ ಸ್ವಾಗತಾರ್ಹವೇ, ಆದರೆ ಇದನ್ನು ರೂಪಿಸಿದವರ ಕಣ್ಣೆದುರು ಇದ್ದದ್ದು ಕಾರು ಮತ್ತು ಮೋಟಾರ್ ಸೈಕಲ್ಲು. ಬಾಡಿಗೆಗೆ ದುಡಿಯಲೆಂದೇ ಹುಟ್ಟಿ, ಕಾರ್ಖಾನೆಯ ಬಾಡಿಯನ್ನೇ ಕಾಣದೆ, ಡೀಸೆಲ್ ಎಂಜಿನ್ನಿನಿಂದ ಮರುಜೀವ ಪಡೆದ ಲಾರಿ ಈ ಅಳತೆಗೋಲಿಗೆ ಸಿಕ್ಕುವುದಿಲ್ಲ. ಅದರ ಬದಲಾವಣೆಗಳೇ ಅದರ ಚರಿತ್ರೆಯೆಂದು ಒಪ್ಪುವ ಪ್ರತ್ಯೇಕ ನಿಯಮ ಸರಕು ವಾಹನಗಳಿಗೆ ಬೇಕು.

ಅದು ಬರುವವರೆಗೆ ಹಳೆಯ ಲಾರಿ ಉಳ್ಳವರು ಮಾಡಬಹುದಾದ ಕೆಲಸವೊಂದಿದೆ. ಕೊಳೆತ ಬಾಡಿಯನ್ನು ಚಾಸಿಯಿಂದ ಇಳಿಸಿ ಸೌದೆಗೆ ಹಾಕುವ ಮುನ್ನ, ಪ್ರತಿ ಹಲಗೆಯ ಉದ್ದ, ಅಗಲ, ದಪ್ಪಗಳನ್ನೂ ಪ್ರತಿ ಕೀಲಿನ ಆಕಾರವನ್ನೂ ಅಳೆದು ಬರೆದಿಟ್ಟು, ಚಿತ್ರ ತೆಗೆದಿಟ್ಟು, ಅಂಥ ಬಾಡಿ ಕಟ್ಟಿದ ಹಿರಿಯ ಬಡಗಿಯೊಬ್ಬರು ಸುತ್ತಮುತ್ತ ಇದ್ದರೆ ಅವರನ್ನು ಕರೆತಂದು ಅದರ ಮುಂದೆ ಕೂರಿಸಿ ಕೇಳಿ ತಿಳಿದುಕೊಳ್ಳಬೇಕು.